ಕೊಡೆಯ ಸರದಿ

ಹಳೇಬೀಡು
ಶುಕ್ರವಾರ, 19 ನವೆಂಬರ್ 1999

ರಘು ಅವರಿಗೆ,

ನಂದಿತಾಳ ನಮಸ್ಕಾರ. ಮೊದಲು ಕ್ಷೇಮ ಬರೆಯುವುದು ವಾಡಿಕೆ. ಅತ್ತೆಯ ಮೊಣಕಾಲು ಬಿಟ್ಟರೆ ಈ ಮನೆಯಲ್ಲಿ ಎಲ್ಲವೂ ಕ್ಷೇಮ. ನೀವು ಕ್ಷೇಮವಾಗಿದ್ದೀರೆಂದು ನಿಮ್ಮ ಕಾಗದದ ಮೊಹರಿನಿಂದಲೇ ತಿಳಿಯಿತು.

ಹೆಂಡತಿಗೆ ಬರೆಯುವ ಕಾಗದಕ್ಕೆ ಕೊಬ್ಬರಿ ಮಂಡಿಯ ಹಮಾಲರ ಸಂಘದ ಲೆಟರ್‌ಹೆಡ್ಡೇ ಬೇಕಾಯಿತೇ? ‘ಶ್ರೀಮತಿ ನಂದಿತಾ ಅವರ ಗಮನಕ್ಕೆ’ ಎಂದು ಶುರು ಮಾಡಿ, ಕೊನೆಯಲ್ಲಿ ಅಧ್ಯಕ್ಷರು ಎಂದು ಸೀಲು ಒತ್ತಿದ್ದೀರಿ. ಅರಸೀಕೆರೆಯಿಂದ ಯಾರ ಕಾಗದ ಎಂದು ಅತ್ತೆ ಕೇಳಿದರು. ಸಂಘದ್ದು ಎಂದೆ. “ನಾನ್ ಹೆತ್ತಿದ್ದು ಸಂಘನಾ?” ಎಂದು ಮೊಣಕಾಲು ಹಿಡಿದುಕೊಂಡು ಎದ್ದು ಹೋದರು.

ನಾನು ಪ್ರವಾಸೋದ್ಯಮ ಇಲಾಖೆಗೆ ಕೊಟ್ಟ ದೂರನ್ನು ವಾಪಸು ತೆಗೆದುಕೊಳ್ಳಬೇಕು, ಭಾನುವಾರ ಇಲ್ಲಿಯ ಗೈಡುಗಳ ಸಂಘದ ಸಭೆಯಲ್ಲಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಆ ಸಂಘದಿಂದ ನನ್ನ ಹೆಸರು ಹೊಡೆಯುವುದನ್ನು ನೀವು ತಡೆಯುವುದಿಲ್ಲ. ನೀವು ಬರೆದಿರುವುದು ಇಷ್ಟು. ಜೊತೆಗೆ ಒಂದು ಮಾತು: ‘ಸಂಘದ ಜಗಳವನ್ನು ಸರ್ಕಾರದ ಬಾಗಿಲಿಗೆ ಒಯ್ಯುವವರು ಎಂದೂ ದುಡಿಯುವವರ ಕಡೆಯವರಲ್ಲ.’ ಈ ಮಾತನ್ನು ಎರಡು ದಿನ ಬದಿಗಿಟ್ಟು ಮತ್ತೆ ಓದಿದೆ. ಅದರಲ್ಲಿ ನಿಜವಿರಬಹುದು. ಆದರೆ ನಾನು ಮೊದಲು ಹೋದದ್ದು ಸಂಘದ ಬಾಗಿಲಿಗೇ. ಅದು ಹೇಗೆ ಮುಚ್ಚಿತ್ತು ಎಂಬುದನ್ನು ನಿಮಗೆ ಯಾರೂ ಹೇಳಿದಂತಿಲ್ಲ.

ಅರಸೀಕೆರೆ ಸೇರುವ ಮೊದಲು ನೀವು ಇಲ್ಲಿ ಗೈಡಾಗಿದ್ದಾಗ ಕಾರು ನಿಲ್ಲುವ ಮೊದಲೇ ನಾಲ್ಕು ಜನ ಅದರ ಬಾಗಿಲಿಗೆ ಜೋತುಬೀಳುತ್ತಿದ್ದರು. ಅದನ್ನು ನಿಲ್ಲಿಸಿದವರು ನೀವೇ. ಬಂದವರು ಬಂದ ಹಾಗೆ ದೇವಸ್ಥಾನದ ಹೊರಗಿನ ಕಂಬಿಗೆ ತಮ್ಮ ಕೊಡೆ ತೂಗುಹಾಕಬೇಕು, ಪ್ರವಾಸಿಗರು ಬಂದಾಗ ಸಾಲಿನ ಮೊದಲ ಕೊಡೆಯವರು ಹೋಗಬೇಕು, ಸುತ್ತು ಮುಗಿಸಿ ಬಂದು ಕೊನೆಗೆ ತೂಗುಹಾಕಬೇಕು. ಮದುವೆಯಾದ ಹೊಸತರಲ್ಲಿ ನೀವು ಇದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಿರಿ. ಕೊಡೆಗೆ ಜಾತಿಯಿಲ್ಲ, ವಯಸ್ಸಿಲ್ಲ ಎನ್ನುತ್ತಿದ್ದಿರಿ.

ನಾನು ಪಾಠ ಹೇಳುತ್ತಿದ್ದ ಸ್ಕೂಲು ಮುಚ್ಚಿದ ಮೇಲೆ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಸಂಘದ ಸದಸ್ಯಳಾಗಿ ನಾನೂ ಒಂದು ಕೊಡೆ ತೂಗುಹಾಕಿದೆ. ನೀಲಿ ಹೂವಿನದು. ಎಲ್ಲರಿಗಿಂತ ಮೊದಲು ಹೋಗಿ ತೂಗುಹಾಕಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಅದು ಸಾಲಿನ ಕೊನೆಯಲ್ಲಿರುತ್ತಿತ್ತು. ಯಾರು ಸರಿಸಿದಿರಿ ಎಂದು ಕೇಳಿದರೆ ಎಲ್ಲರೂ ಬಸದಿಯ ದಾರಿಯನ್ನು ನೋಡುತ್ತಿದ್ದರು. ಕಾಫಿ ಬಿಟ್ಟು ಕಂಬಿಯ ಪಕ್ಕದಲ್ಲೇ ನಿಂತೆ. ಆಗ ನನ್ನೆದುರಿಗೇ ಸರಿಸಿದರು. ಸರಿಸಿದವರು ಕೆಂಚಪ್ಪ, ನಿಮಗೆ ಈ ಕೆಲಸ ಕಲಿಸಿದ ಹಿರಿಯರು. ಕೋಪದಿಂದಲ್ಲ. ಅಂಗಳದ ಕಡ್ಡಿ ಎತ್ತಿ ಆಚೆ ಹಾಕುವ ಹಾಗೆ. ಯಾರೂ ಏನೂ ಅನ್ನಲಿಲ್ಲ.

ಸಂಘದ ಸಭೆಯಲ್ಲಿ ಹೇಳಿದೆ. “ಹೆಣ್ಣೆಂಗ್ಸು ಬಿಸ್ಲಲ್ಲಿ ಮೊದ್ಲು ಹೋಗೋದ್ ಬ್ಯಾಡ ಅಂತ ನಾವೇ ಅನುಕೂಲ ಮಾಡಿದ್ರೆ, ನಮ್ ಮೇಲೇ ಹೇಳ್ತಾರಲ್ಲಪ್ಪ” ಎಂದರು ಕೆಂಚಪ್ಪ. ಎಲ್ಲರೂ ನಕ್ಕರು. ಆ ನಗೆಯನ್ನೇ ಠರಾವು ಎಂದು ತಿಳಿದುಕೊಳ್ಳಬೇಕಾಯಿತು.

ಹೋದ ತಿಂಗಳು ಮೈಸೂರಿನಿಂದ ಹೆಣ್ಣುಮಕ್ಕಳ ಕಾಲೇಜಿನ ಬಸ್ಸೊಂದು ಬಂತು. ಅವರ ಟೀಚರು ಇಳಿದವರೇ ಹೆಂಗಸು ಗೈಡ್ ಇದ್ದಾರಂತೆ, ಅವರೇ ಬೇಕು ಎಂದರು. ಮೊದಲ ಕೊಡೆ ಕೆಂಚಪ್ಪನವರದು. ನಾನು ನನ್ನ ಕೊಡೆ ತೆಗೆದುಕೊಂಡು ಹೋದೆ. ಹೌದು, ಸರದಿ ಮುರಿದೆ. ಸುತ್ತು ಮುಗಿಸಿ ಬಂದಾಗ ಕೆಂಚಪ್ಪ ಎಲ್ಲರಿಗೂ ಕೇಳುವ ಹಾಗೆ, “ಏನ್ ಮೇಡಮ್ಮೋರೆ, ಕಾನ್ವೆಂಟ್ನಾಗೆ ಕ್ಯೂ ನಿಲ್ಲೋದ್ ಹೇಳ್ಕೊಡ್ನಿಲ್ವಾ?” ಎಂದರು.

“ನಿಲ್ಲೋದು ಹೇಳ್ಕೊಟ್ಟಿದ್ರು. ಹಿಂದಕ್ಕೆ ತಳ್ಳಿಸ್ಕೊಳ್ಳೋದು ಹೇಳ್ಕೊಡಲಿಲ್ಲ” ಎಂದೆ.

ಅಂದು ಸಂಜೆಯೇ ನನ್ನನ್ನು ಒಂದು ತಿಂಗಳು ಅಮಾನತು ಮಾಡಿದರು. ಸಂಘಕ್ಕೆ ಅಷ್ಟು ಬೇಗ ಸಭೆ ಸೇರಲು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಆಮೇಲೆ ಹಾಸನದ ಕಚೇರಿಗೆ ಹೋದೆ. ನಾನು ದೂರು ಕೊಟ್ಟದ್ದು ಕೊಡೆಯ ಬಗ್ಗೆ ಮಾತ್ರ. ಅಧಿಕಾರಿ ಓದಿ, “ಕೊಡೆ ವಿಚಾರಕ್ಕೆ ನಮ್ಮಲ್ಲಿ ನಿಯಮ ಇಲ್ಲ ಮೇಡಂ. ಲೈಸೆನ್ಸ್ ವಿಚಾರಕ್ಕೆ ಇದೆ. ಬಂದು ನೋಡ್ತೀವಿ” ಎಂದರು. ಬಂದರು, ನೋಡಿದರು. ನನ್ನ ಕೊಡೆಯ ವಿಷಯ ಇದ್ದಲ್ಲೇ ಇತ್ತು. ಲೈಸೆನ್ಸ್ ಇಲ್ಲದ ನಾಲ್ವರನ್ನು ಗೇಟಿನಿಂದಾಚೆಗೆ ನಿಲ್ಲಿಸಿದರು. ಅವರಲ್ಲಿ ಕೆಂಚಪ್ಪ ಒಬ್ಬರು.

ಹೀಗಾಗುತ್ತದೆಂದು ಗೊತ್ತಿರಲಿಲ್ಲ ಎಂದು ಬರೆಯಲು ಪೆನ್ನು ಎತ್ತಿದೆ. ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದು ಕೇಳಿಕೊಂಡೆ. ಆ ಅಧಿಕಾರಿ ‘ಲೈಸೆನ್ಸ್’ ಎಂದಾಗ ನಾನು ದೂರನ್ನು ವಾಪಸು ಕೇಳಬಹುದಿತ್ತು. ಕೇಳಲಿಲ್ಲ. ನಮಸ್ಕಾರ ಹೇಳಿ ಬಸ್ಸು ಹತ್ತಿದೆ.

ಕೆಂಚಪ್ಪ ಮನೆಗೆ ಬಂದಿದ್ದರು. ಒಳಗೆ ಬರಲಿಲ್ಲ. “ನಿನ್ ಸೊಸೆ ನನ್ ಅನ್ನುಕ್ಕೆ ಕಲ್ಲಾಕುದ್ಲು ಕಣವ್ವ ಹುಚ್ಚಮ್ಮ” ಎಂದರು. ಅತ್ತೆ ಅಕ್ಕಿ ಆರಿಸುವುದನ್ನು ಬಿಡದೆ, “ನೀನ್ ಅವ್ಳ ಕೊಡೆ ಎತ್ತಾಕ್ದಾಗ ನನ್ ಮನೇಗ್ ಬಂದ್ ಹೇಳಿದ್ಯೇನ್ಲಾ ಕೆಂಚ?” ಎಂದರು. ಅವರಿಬ್ಬರೂ ಒಂದೇ ಕೇರಿಯಲ್ಲಿ ಆಡಿ ಬೆಳೆದವರು. ಕೆಂಚಪ್ಪ ಬಂದ ದಾರಿಯಲ್ಲೇ ಹೋದರು. ಆಮೇಲೆ ಅತ್ತೆ ಅಂದಿನ ಅಡಿಗೆಗೆ ನನ್ನನ್ನೂ ಕೈಹಾಕಗೊಡಲಿಲ್ಲ.

ಇನ್ನೊಂದು ವಿಷಯ. ಸೆಪ್ಟೆಂಬರಿನಲ್ಲಿ, ಇದೆಲ್ಲ ಇಷ್ಟು ದೂರ ಹೋಗುವ ಮೊದಲು, ನಾನು ಅರಸೀಕೆರೆಗೆ ಬಂದಿದ್ದೆ. ನೀವು ಬಂದು ಇಲ್ಲಿಯ ಗೈಡುಗಳಿಗೊಂದು ಮಾತು ಹೇಳಿ ಎಂದು ಕೇಳಲು. ಮಂಡಿಯ ಅಂಗಳದಲ್ಲಿ ನೀವು ಭಾಷಣ ಮಾಡುತ್ತಿದ್ದಿರಿ. ಕೊಬ್ಬರಿ ಆರಿಸುವ ಹೆಂಗಸರನ್ನೂ ಹಮಾಲರ ಸಂಘಕ್ಕೆ ಸೇರಿಸಿಕೊಳ್ಳಲೇಬೇಕು, ಇಲ್ಲವಾದರೆ ನಾನು ಅಧ್ಯಕ್ಷನಾಗಿರುವುದಿಲ್ಲ ಎಂದಿರಿ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಪಕ್ಕದಲ್ಲಿದ್ದ ಹೆಂಗಸು, ದ್ಯಾವಮ್ಮ ಎಂದು ಹೆಸರು ಹೇಳಿದಳು, ನನ್ನ ಸೀರೆ ನೋಡಿ, “ನೀವ್ ಯಾರ್ ಕಡೆಯೋರು?” ಎಂದು ಕೇಳಿದಳು. ರಘು ಅವರ ಮನೆಯವರು ಎಂದೆ. “ಅದಲ್ಲ ಕಣವ್ವ ನಾ ಕೇಳಿದ್ದು. ಮಂಡಿಯೋರ್ ಕಡೆಯೋ, ಸಂಘದ್ ಕಡೆಯೋ?”

ನಿಮ್ಮನ್ನು ಮಾತಾಡಿಸದೆ ಬಾಣಾವರದ ಬಸ್ಸು ಹತ್ತಿ ಬಂದುಬಿಟ್ಟೆ. ಅಲ್ಲಿಯ ಹೆಂಗಸರಿಗಾಗಿ ಕುರ್ಚಿ ಬಿಡಲು ಸಿದ್ಧರಾದ ನಿಮಗೆ ಇಲ್ಲಿ ನನಗಾಗಿ ಆಡಲು ಒಂದು ವಾಕ್ಯ ಸಿಗಲಿಲ್ಲ. ಅಲ್ಲಿ ಎದುರಿಗಿರುವವರು ಮಂಡಿಯ ಸಾಹುಕಾರರು, ಇಲ್ಲಿ ಎದುರಿಗಿರುವವರು ನಿಮ್ಮ ಗುರುಗಳು. ವ್ಯತ್ಯಾಸ ಅದೇ ಇರಬೇಕು. ನಿಮ್ಮ ಧೈರ್ಯಕ್ಕೆ ಪರಿಚಯದವರೆಂದರೆ ಆಗುವುದಿಲ್ಲ.

ಈಗ ಕಲ್ಲೇಶಪ್ಪನವರ ವಿಷಯ. ನಿಮಗೆ ಸುದ್ದಿ ಮುಟ್ಟಿರುತ್ತದೆ. ಬೇಲೂರಿನಲ್ಲಿ ಲಾಡ್ಜು ಇಟ್ಟಿರುವವರು, ನೀವು ಹತ್ತು ವರ್ಷದಿಂದ ಬೈಯುವ ಪಕ್ಷದವರು. ಲೈಸೆನ್ಸ್ ಇರುವ ಗೈಡುಗಳದೇ ಬೇರೆ ಸಂಘ ಮಾಡೋಣ, ನಾನೇ ಅದರ ಕಾರ್ಯದರ್ಶಿಯಾಗಬೇಕು ಎನ್ನುತ್ತಾರೆ. ತಮ್ಮ ಲಾಡ್ಜಿನಲ್ಲಿ ನೆಲ ಒರೆಸುವವರಿಗೆ ವಾರದ ರಜೆ ಕೊಡದವರು ಪಕ್ಷದ ಕಾರ್ಮಿಕ ಘಟಕಕ್ಕೆ ಅಧ್ಯಕ್ಷರು. ನೀವು ಹೇಳದೆಯೂ ಅದು ನನಗೆ ಗೊತ್ತು. ಆದರೆ ನಮ್ಮ ಜಗಲಿಯಲ್ಲಿ ಕೂತು, “ನಿಮ್ ಕೊಡೆ ಎಲ್ಲಿರ್ಬೇಕು ಹೇಳಿ ಮೇಡಂ, ಅಲ್ಲೇ ಇರುತ್ತೆ” ಎಂದ ಮೊದಲ ಗಂಡಸು ಅವರು. ಮನುಷ್ಯರು ಯಾವ ಬಾವುಟದ ಕೆಳಗೆ ನಿಲ್ಲುತ್ತಾರೆ ಎಂಬುದನ್ನು ಪುಸ್ತಕ ಓದಿ ತೀರ್ಮಾನಿಸುತ್ತಾರೆಂದು ನೀವು ನಂಬಿದ್ದೀರಿ. ನಾನೂ ನಂಬಿದ್ದೆ. ಬಿಸಿಲಲ್ಲಿ ನಿಂತವರು ಯಾವ ನೆರಳು ಸಿಕ್ಕರೂ ಹೋಗಿ ನಿಲ್ಲುತ್ತಾರೆ. ಅದು ಸರಿಯೆಂದು ನಾನು ಹೇಳುತ್ತಿಲ್ಲ.

ಅವರಿಗೆ ಸೋಮವಾರ ಉತ್ತರ ಕೊಡುತ್ತೇನೆಂದಿದ್ದೇನೆ. ಭಾನುವಾರ ನೀವು ಬನ್ನಿ. ಕ್ಷಮೆ ನಾನು ಕೇಳುವುದಿಲ್ಲ. ನೀವು ಎದ್ದು ನಿಂತು, ತೂಗುಹಾಕಿದ ಕೊಡೆಯನ್ನು ಯಾರೂ ಸರಿಸಬಾರದು ಎಂದು ಒಂದೇ ಮಾತು ಹೇಳಿ. ಹೇಳಿದರೆ ಕಲ್ಲೇಶಪ್ಪನವರಿಗೆ ಇಲ್ಲ ಎನ್ನುತ್ತೇನೆ. ಮುಂದಿನ ಪರೀಕ್ಷೆಗೆ ಕೆಂಚಪ್ಪನವರನ್ನೂ ಉಳಿದ ಮೂವರನ್ನೂ ನಾನೇ ಕೂರಿಸಿಕೊಂಡು ತಯಾರು ಮಾಡುತ್ತೇನೆ. ಬರದಿದ್ದರೆ, ಇನ್ನು ಮುಂದೆ ಈ ವಿಳಾಸಕ್ಕೆ ಸಂಘದ ಕಾಗದವೂ ಬೇಡ, ನಿಮ್ಮದೂ ಬೇಡ.

ಅಂಚೆಗೆ ಹಾಕಿದರೆ ತಡವಾಗುತ್ತದೆ. ನಾಳೆ ಬೆಳಿಗ್ಗೆ ಅರಸೀಕೆರೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುತ್ತೇನೆ.

ನಿಮ್ಮ ಮೊಹರಿಲ್ಲದ,
ನಂದಿತಾ

ತಾ.ಕ. ಶನಿವಾರ ಬೆಳಿಗ್ಗೆ. ಕಲ್ಲೇಶಪ್ಪನವರಿಗೆ ಸೋಮವಾರ ಉತ್ತರ ಕೊಡುತ್ತೇನೆ ಎಂದು ಬರೆದದ್ದು ಸುಳ್ಳು. ಅವರ ಹೊಸ ಸಂಘದ ಕಾಗದಕ್ಕೆ ಬುಧವಾರವೇ ಸಹಿ ಮಾಡಿದ್ದೇನೆ. ಆ ವಾಕ್ಯವನ್ನು ಹೊಡೆದುಹಾಕಿ ಬೇರೆ ಬರೆಯಬಹುದಿತ್ತು, ಬರೆಯಲಿಲ್ಲ. ನೀವು ಬರುತ್ತೀರೋ ಇಲ್ಲವೋ ಎಂದು ನೋಡುವ ಆಸೆ ಇನ್ನೂ ಇತ್ತೆಂದು ಕಾಣುತ್ತದೆ.

ಒಳಗೆ ಹೋಗುವ ಹಾಗಿಲ್ಲದಿದ್ದರೂ ಕೆಂಚಪ್ಪ ದಿನವೂ ಬಂದು ಕೊಡೆ ತೂಗುಹಾಕಿ ಕಟ್ಟೆಯ ಮೇಲೆ ಕೂರುತ್ತಾರೆ. ಇವತ್ತು ಅವರದೇ ಮೊದಲು. ಅದು ಅಲ್ಲಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಹೇಗೂ ಅವರನ್ನು ಯಾರೂ ಕರೆಯುವುದಿಲ್ಲ. ನಾನು ಅದನ್ನು ತೆಗೆದು ಕೊನೆಗೆ ತೂಗುಹಾಕಿದೆ. ಅವರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಹಳೆಯ ಕೊಡೆ, ಹಿಡಿ ಸಡಿಲವಾಗಿದೆ. ಯಾರೂ ಏನೂ ಅನ್ನಲಿಲ್ಲ.