ಗುಬ್ಬಿಯ ಬಾಯಲ್ಲಿ ಕಾಗೆಯ ಮಾತು

ಮಂಗಳವಾರ, ಹದಿನಾಲ್ಕನೇ ತಾರೀಖು

ಇವಳೇ,

ಹೇಗಿದ್ದೀಯ? ನಿಮ್ಮಕ್ಕನ ಮಂಡಿನೋವು ಹೇಗಿದೆ? ನಿನ್ನ ಪುಟಗಳು ಬಂದು ತಿಂಗಳಾಗುತ್ತಾ ಬಂತು, ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ಕೆಲಸ ಜಾಸ್ತಿ ಎಂದು ಕುಂಟುನೆಪ ಹೇಳಬಹುದಿತ್ತು, ನಿನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ, ಸ್ನಾನ ಮಾಡುತ್ತೇನೆ. ಅಳು ಬರುವುದಿಲ್ಲ. ನಗುವೂ ಅಷ್ಟೆ.

ಹನ್ನೆರಡು ವರ್ಷದಿಂದ ನಮ್ಮ ಪದ್ಧತಿ ಒಂದೇ. ನೀನು ಚಿತ್ರ ಬರೆದು ಮಾತಿನ ಬಲೂನುಗಳನ್ನು ಖಾಲಿ ಬಿಡುತ್ತೀಯ, ಚಿತ್ರ ನೋಡಿಕೊಂಡು ನಾನು ಮಾತು ತುಂಬುತ್ತೇನೆ. ಏನು ಬರೆಯಲಿ ಎಂದು ನಾನು ಕೇಳುವ ಹಾಗಿಲ್ಲ, ಯಾಕೆ ಹೀಗೆ ಬರೆದಿರಿ ಎಂದು ನೀನು ಕೇಳುವ ಹಾಗಿಲ್ಲ. ಒಂದೇ ಮನೆಯಲ್ಲಿದ್ದಾಗಲೂ ನೀನು ಪುಟಗಳನ್ನು ನನ್ನ ಕೋಣೆಯ ಬಾಗಿಲ ಸಂದಿಯಿಂದ ತಳ್ಳಿ ಹೋಗುತ್ತಿದ್ದೆ. "ಗಂಡ ಹೆಂಡ್ತಿನೋ, ಪೋಸ್ಟಾಫೀಸೋ?" ಎಂದು ಪ್ರಕಾಶಕರು ನಗುತ್ತಿದ್ದರು.

ಈ ಸಲ ಕಾಗೆ-ಗುಬ್ಬಿ ಕಥೆ. ನಮ್ಮ ಚಿನಕುರಳಿ ದಿನಾ ಹೇಳಿಸಿಕೊಂಡು ಮಲಗುತ್ತಿದ್ದದ್ದು. ಮಳೆಗೆ ಮನೆ ಕೊಚ್ಚಿಹೋದ ಕಾಗೆ ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ. ಮಗೂಗೆ ಸ್ನಾನ ಮಾಡಿಸ್ತಿದೀನಿ ಇರು, ತಲೆ ಬಾಚ್ತಿದೀನಿ ಇರು ಎಂದು ಗುಬ್ಬಿ ಕಾಯಿಸುತ್ತಲೇ ಇರುತ್ತದೆ. ಮಕ್ಕಳಿಗೆ ಅದು ನಗುವ ಕಥೆ. ನೀನು ದೊಡ್ಡವರಿಗೆಂದು ಬರೆದ ಚಿತ್ರಕಾದಂಬರಿಯಲ್ಲಿ ಕಾಗೆ ಹೊಸಿಲಲ್ಲೇ ಸಾಯುತ್ತದೆ, ಸತ್ತ ಮೇಲೂ ಬಂದು ತಟ್ಟುತ್ತದೆ. ಗೋಡೆಯಲ್ಲಿ ಗರಿ ಮೊಳೆಯುತ್ತವೆ. ಮೂವತ್ತನೇ ಪುಟದಲ್ಲಿ ಗುಬ್ಬಿಯ ಮುಖ ದೊಡ್ಡದಾಗಿ ಬರುತ್ತದೆ. ಅದು ನಿನ್ನ ಮುಖ, ಎಡಗೆನ್ನೆಯ ಮಚ್ಚೆ ಸಮೇತ. ನಿನ್ನನ್ನೇ ರಾಕ್ಷಸಿ ಮಾಡಿಕೊಂಡಿದ್ದೀಯಲ್ಲೇ!

ಮಗಳು ಮೆಟ್ಟಿಲಿಂದ ಬಿದ್ದು ಹೋದ ದಿನದಿಂದ ನಿನ್ನದು ಒಂದೇ ಮಾತು. "ಮೆಟ್ಟಿಲ ಗೇಟಿನ ಚಿಲಕ ನಾನು ಹಾಕಿರ್ಲಿಲ್ಲ ರೀ, ನಾನೇ ಕೊಂದೆ." ಅದನ್ನೇ ಈಗ ನಲವತ್ತೆರಡು ಪುಟ ಬರೆದಿದ್ದೀಯ.

ಹೇಗೋ ಮಾತು ತುಂಬಿ ಕೊಟ್ಟೆ. ನಿನ್ನೆ ಪ್ರಕಾಶಕರ ಫೋನು. "ಏನ್ ಸ್ವಾಮಿ, ತಲೆ ಎಲ್ಲಿಟ್ಟಿದೀರ? ಬಲೂನಿನ ಬಾಲ ಒಳಗಿರೋ ಗುಬ್ಬಿ ಕಡೆಗಿದೆ, ನೀವು ಅದರಲ್ಲಿ 'ಬಾಗಿಲು ತೆಗಿ' ಅಂತ ಬರೆದಿದೀರ! ಹೊರಗೆ ನೆನೀತಿರೋ ಕಾಗೆ 'ಇರು, ಬಂದೆ' ಅಂತಿದೆ! ಒಂದಲ್ಲ ಎರಡಲ್ಲ, ಆರು ಕಡೆ." ಇಷ್ಟು ವರ್ಷದಲ್ಲಿ ಒಂದು ಕೊಂಬು ತಪ್ಪದವನು ನಾನು. "ಅಮ್ಮಾವ್ರಿಗೇ ಕಳಿಸ್ಲಾ?" ಎಂದರು. ಬೇಡ, ನಾನೇ ಬರೆದು ತಿಳಿಸ್ತೀನಿ ಎಂದೆ.

ತಿದ್ದಲು ಕೂತೆ, ಆಗಲಿಲ್ಲ. ನಿನ್ನ ಮುಖದ ಪಕ್ಕದಲ್ಲಿ 'ಇರು' ಎಂದು ಬರೆಯಲು ಕೈ ಏಳುವುದಿಲ್ಲ ಕಣೇ. ಮುಂದಿನ ವಾರ ಅಚ್ಚಿಗೆ ಹೋಗಬೇಕಂತೆ. ಅಷ್ಟರೊಳಗೆ ಆ ಮುಖ ಅಳಿಸಿಬಿಡು. ನನಗಾಗಿ ಇಷ್ಟು ಮಾಡು.

ಅಕ್ಕ ಬಡಿಸಿದ್ದನ್ನು ತಟ್ಟೆಯಲ್ಲೇ ಬಿಡಬೇಡ. ರಾತ್ರಿ ನಿದ್ದೆ ಬರಲಿ ನಿನಗೆ. ನಿನ್ನ ಕೈಗೂ ಕಣ್ಣಿಗೂ ಒಳ್ಳೆಯದಾಗಲಿ.

ಇಂತಿ,
ನಿನ್ನವನು

ತಾ.ಕ.: ಆ ದಿನ ಅಂಗಡಿಗೆ ಹೊರಟಾಗ ನೀನು ಚಿಲಕ ಹಾಕಿಯೇ ಹೋಗಿದ್ದೆ. ಆಮೇಲೆ ಮಸಿ ತರಲು ಕೆಳಗಿಳಿದವನು ನಾನು. ಬರುವಾಗ ಎರಡೂ ಕೈ ತುಂಬಿತ್ತು, ಗೇಟನ್ನು ಹಾಗೇ ಬಿಟ್ಟೆ. ಬಂದು ಕೋಣೆಯ ಬಾಗಿಲು ಮಾತ್ರ ಹಾಕಿಕೊಂಡೆ. ಚಿನಕುರಳಿ ಬಂದು ತಟ್ಟಿದಳು, "ಅಪ್ಪಾ, ಬಾಗ್ಲು ತೆಗಿ." ಮೂರು ಸಲ ತಟ್ಟಿದಳು. ಮೂರು ಸಲವೂ "ಇರು ಮಗೂ, ಇನ್ನೊಂದೇ ಬಲೂನು" ಎಂದೆ. ನಾಲ್ಕನೇ ಸಲ ತಟ್ಟಲಿಲ್ಲ. ಸದ್ಯ, ಸುಮ್ಮನಾದಳು ಎಂದುಕೊಂಡು ನಾನು ಆ ಪುಟ ಮುಗಿಸಿದೆ.