ಪೂರ್ತಿ ಒಂದು ನಿಮಿಷ

ಮಾರ್ಗಿಟ್,

'ನೀನು ಬರೋವರೆಗೂ ನಿನ್ನ ಪಾಳಿ ನನ್ನದು' ಎಂದಿದ್ದೆಯಾ, ಅಥವಾ ಅದು ನನ್ನ ನೆನಪು ಕಟ್ಟಿಕೊಂಡ ಮಾತೇ? ನನ್ನ ಬದಲಿಗೆ ಪಾಳಿ ಮುಗಿಸಿ ಮನೆಗೆ ಹೋಗುವಾಗಲೇ ನೀನು ಕಾರು ಓಡಿಸುತ್ತಾ ತೂಕಡಿಸಿ ಸತ್ತೆ.

ಕ್ಯಾನ್ಸರ್‌ನಿಂದ ಚೇತರಿಸಿಕೊಂಡು, ಹದಿನಾಲ್ಕು ತಿಂಗಳ ಮೇಲೆ ಇವತ್ತು ಆಸ್ಪತ್ರೆಗೆ, ನಮ್ಮ ರೆಸಿಡೆನ್ಸಿ ತರಬೇತಿಗೆ ಮರಳಿದೆ. ಬೆಳಿಗ್ಗೆ ಒಬ್ಬ ಮುದುಕ ತೀರಿಕೊಂಡ. ಸಾವು ಘೋಷಿಸುವ ಮೊದಲು ಪೂರ್ತಿ ಒಂದು ನಿಮಿಷ ಎದೆಗೆ ಕಿವಿಗೊಡಬೇಕಲ್ಲ. ನಿಮಿಷ ಕಳೆದರೂ ನಾನು ಸ್ಟೆತಾಸ್ಕೋಪ್ ಎತ್ತಲಿಲ್ಲ.

"ಸಾಕು ಡಾಕ್ಟ್ರೇ," ಎಂದಳು ನರ್ಸ್ ಡೋರೀನ್. "ಅವರು ಹೋಗಿ ಆಯ್ತು. ಇನ್ಯಾರ ಎದೆ ಕೇಳ್ತಿದೀರಿ?"

ಸಂಜೆ ಪಕ್ಕದ ಮನೆಯ ಹಾಲ್ವರ್ಸನ್ ನಿನ್ನ ಸೂಪಿನ ಡಬ್ಬಿ ತೊಳೆದು ತಂದು ಬಾಗಿಲಲ್ಲಿ ನಿಂತಿದ್ದರು.

"ಇಷ್ಟು ದಿನ ಕೊಡೋಕೆ ಧೈರ್ಯ ಬರಲಿಲ್ಲ. ಅವತ್ತು ನಿಮ್ಮ ಗೆಳತಿ ಎಷ್ಟು ಹೊತ್ತು ನಿಮ್ಮ ಬಾಗಿಲು ತಟ್ಟಿದ್ರು. ನೀವು ಒಳಗೆ ಕೆಮ್ಮಿದ್ದು ನಮ್ಮಿಬ್ಬರಿಗೂ ಕೇಳಿಸ್ತು. 'ಮಲಗಿರಲಿ ಬಿಡಿ' ಅಂದು, ಇದನ್ನ ನನ್ನ ಕೈಗೆ ಕೊಟ್ಟು, ನಿಮ್ಮ ಪಾಳಿಗೆ ಹೋದ್ರು."