ಮೂರನೆಯ ಪ್ರಕಟಣೆ

ಮಲ್ಲತ್ತಹಳ್ಳಿ
ಸೋಮವಾರ

ಪೂಜ್ಯ ಅಯ್ಯನವರಿಗೆ ವಂದನೆಗಳು.

ನಾನು ಎಸ್ತೇರಮ್ಮ, ನಮ್ಮ ಚರ್ಚ್ ಸಭೆಯ ಮಹಿಳಾ ಕೂಟಕ್ಕೆ ಇಪ್ಪತ್ತೆರಡು ವರ್ಷಗಳಿಂದ ಅಧ್ಯಕ್ಷೆ. ನನ್ನ ಮಾತನ್ನು ಅಲ್ಲಿ ಯಾರೂ ಮೀರಿದ್ದಿಲ್ಲ.

ನಿನ್ನೆ ಆರಾಧನೆಯಲ್ಲಿ ನೀವು ನನ್ನ ವಿಧವೆ ಸೊಸೆ ಪ್ರಮೀಳಾ ಮತ್ತು ಡ್ರಾಯಿಂಗ್ ಮೇಷ್ಟ್ರು ಸುಕುಮಾರರ ಮೂರು ಭಾನುವಾರ ಓದಬೇಕಾದ ಮದುವೆ ಪ್ರಕಟಣೆಯನ್ನು ಎರಡನೆಯ ಸಲ ಓದಿ, ಆಕ್ಷೇಪಣೆ ಇದೆಯೇ ಎಂದು ಕೇಳಿದಿರಿ. ನಾನು ಎದ್ದು "ಇದೆ" ಎಂದೆ. ವಿಧವೆ ಪ್ರಾರ್ಥನೆಯಲ್ಲೇ ಇರಬೇಕೆಂದು ಬೈಬಲಿನಲ್ಲಿ ಅಪೊಸ್ತಲನು ಹೇಳಿದ್ದಾನೆ ಎಂದೂ ವಾದಿಸಿದೆ.

ಮನೆಗೆ ಬಂದು ಆ ಭಾಗವನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಆ ಮಾತು ಅರವತ್ತು ದಾಟಿದವರಿಗೆ ಹೇಳಿದ್ದಂತೆ. ಚಿಕ್ಕ ವಯಸ್ಸಿನವರು ಮದುವೆಯಾಗಲಿ ಎಂದಿದೆ.

"ಅತ್ತೆ, ನಂಗೆ ಮೂವತ್ನಾಲ್ಕು. ಈ ಮನೇಲಿ ಅರವತ್ತು ದಾಟಿರೋದು ನೀವೊಬ್ರೇ. ಪ್ರಾರ್ಥನೆಗೆ ನೀವು ಕೂತ್ಕೊಳ್ಳಿ, ನಾನು ಸೀರೆ ತರಕ್ಕೆ ಹೋಗ್ತೀನಿ" ಎಂದಳು.

ನಗು ತಡೆಯಲು ನೋಡಿದೆ, ಆಗಲಿಲ್ಲ. ನನ್ನ ಮಗ ಹೋದ ಮೇಲೆ ನಾವಿಬ್ಬರೂ ಅಷ್ಟು ನಕ್ಕಿದ್ದು ಇದೇ ಮೊದಲು.

ಆಕ್ಷೇಪಣೆಯನ್ನು ಹಿಂತೆಗೆದುಕೊಂಡಿದ್ದೇನೆ. ಮೂರನೆಯ ಪ್ರಕಟಣೆಯನ್ನು ದಯವಿಟ್ಟು ಕಡೆಯ ಬೆಂಚಿಗೂ ಕೇಳುವಂತೆ ಓದಿ. ಮದುವೆ ಕಾರ್ಡನ್ನು ಈ ಬೆಳಿಗ್ಗೆ ವಿಜಯನಗರದಲ್ಲಿ ಅಚ್ಚಿಗೆ ಕೊಟ್ಟು ಬಂದೆ. ಪ್ರಮೀಳಾಳ ಹೆಸರಿನ ಮುಂದೆ "ನನ್ನ ಮಗಳು" ಎಂದು ಹಾಕಿಸಿದ್ದೇನೆ.

ಇತಿ,
ಎಸ್ತೇರಮ್ಮ